ಕಣಗಲಾ ದಾರಿಯಲ್ಲಿ ಇತ್ತ ಫ್ರೆಡ್ಡಿ, ಅತ್ತ ಬಿದ್ದು!

ಕಣಗಲಾ ಎಲ್ಲಿದೆ ಗುರೂ ಎಂದು ಕೇಳುವವರೇ ಹೆಚ್ಚು. ಕೇಳಲಿ ಬಿಡಿ! ಬೆಳಗಾವಿಯಲ್ಲಿ ಕೊಲ್ಲಾಪುರದ ಬಸ್ಸು ಹತ್ತಿ. ಸಂಕೇಶ್ವರ ದಾಟಿದ ಮೇಲೆ, ತವಂದಿ ಘಾಟು ಇಳಿದು ನಿಪ್ಪಾಣಿ ಸೇರುವ ಮುಂಚೆ ಸಿಗುವ ಊರು ಅದು. ಹುಕ್ಕೇರಿ ತಾಲ್ಲೂಕು. ಒಂದು ಕಿವಿಗೆ ಕನ್ನಡ, ಇನ್ನೊಂದು ಕಿವಿಗೆ ಮರಾಠಿ. ಹಿಂದೆ ಹಿಂದುಸ್ತಾನ್ ಲ್ಯಾಟೆಕ್ಸ್ ಎನ್ನುತ್ತಿದ್ದ, ಈಗ ಎಚ್‌ಎಲ್‌ಎಲ್ ಲೈಫ್‌ಕೇರ್ ಎನ್ನುವ ಕಂಪನಿಯ ಕಾರ್ಖಾನೆ ಇಲ್ಲೇ ಇದೆ. ಅಲ್ಲಿ ತಯಾರಾಗುವ ಸರಕು ಯಾವುದೆಂದು ಬಿಡಿಸಿ ಹೇಳುವುದಿಲ್ಲ, ನಕ್ಕು ಮುಂದೆ ಓದಿ!

ಸಿನಿಮಾ ಪತ್ರಿಕೆಯವನಿಗೆ ಇಲ್ಲೇನು ಕೆಲಸ ಅಂತೀರಾ? ಇದೆ ಸ್ವಾಮಿ, ಇದೆ. ಊರಿನ ಪಕ್ಕದಲ್ಲಿ ಹಗಲೂ ರಾತ್ರಿ ಲಾರಿಗಳು ಭರ್ರೆಂದು ಓಡುವ ಬೆಂಗಳೂರು-ಪುಣೆ ಹೆದ್ದಾರಿ ಇದೆಯಲ್ಲ, ಹಿಂದೆ ಎನ್.ಎಚ್. 4 ಎನ್ನುತ್ತಿದ್ದರು, ಈಗ 48, ಅದರ ಎರಡೂ ಕಡೆ ಜಗತ್ತಿನ ರಾಕ್ ಮತ್ತು ಪಾಪ್ ಸಂಗೀತದ ಚರಿತ್ರೆಯ ಎರಡು ಬೇರುಗಳಿವೆ. ನಡುವೆ ಕೂತಿದೆ ನಮ್ಮ ಕಣಗಲಾ.

ಮೊದಲು ಉತ್ತರಕ್ಕೆ ಮುಖ ಮಾಡೋಣ. ನಿಪ್ಪಾಣಿ, ಕೊಲ್ಲಾಪುರ, ಕರಾಡ, ಸಾತಾರಾ ದಾಟಿ, ವಾಯಿ ಕಡೆ ತಿರುಗಿ ಘಾಟು ಹತ್ತಿದರೆ ಪಂಚಗಣಿ. ಅಲ್ಲಿಯ ಸೇಂಟ್ ಪೀಟರ್ಸ್ ಶಾಲೆಗೆ ಆಫ್ರಿಕಾದ ಜಾಂಜಿಬಾರಿನಿಂದ ಒಬ್ಬ ಪಾರ್ಸಿ ಹುಡುಗ ಓದಲು ಬಂದ. ಹೆಸರು ಫರೋಖ್ ಬಲ್ಸಾರಾ. ಹಾಸ್ಟೆಲಿನ ಗೆಳೆಯರು ಕರೆದದ್ದು ಫ್ರೆಡ್ಡಿ. 1958ರಲ್ಲಿ ಐದು ಹುಡುಗರು ಸೇರಿ 'ಹೆಕ್ಟಿಕ್ಸ್' ಎಂಬ ವಾದ್ಯತಂಡ ಕಟ್ಟಿದರು. ತಮಾಷೆ ನೋಡಿ, ಮುಂದೆ ನಿಂತು ಹಾಡುತ್ತಿದ್ದವನು ಬೇರೆ ಹುಡುಗ, ನಮ್ಮ ಫ್ರೆಡ್ಡಿಯದು ಪಿಯಾನೋ!

ಆತನೇ ಮುಂದೆ ಫ್ರೆಡ್ಡಿ ಮರ್ಕ್ಯುರಿ. 1964ರಲ್ಲಿ ಜಾಂಜಿಬಾರಿನ ಕ್ರಾಂತಿಗೆ ಹೆದರಿ ಮನೆಯವರೆಲ್ಲ ಇಂಗ್ಲೆಂಡಿಗೆ ಹೋದರು. ಅಲ್ಲಿ 'ಕ್ವೀನ್' ತಂಡ ಹುಟ್ಟಿತು. 1975ರ 'ಬೊಹಿಮಿಯನ್ ರಾಪ್ಸೊಡಿ' ಹೆಚ್ಚುಕಡಿಮೆ ಆರು ನಿಮಿಷದ ಹಾಡು, ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನ ಬಿಡಲಿಲ್ಲ. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ 'ಲೈವ್ ಏಡ್' ನಡೆದಾಗ ಸುಮಾರು ಇಪ್ಪತ್ತು ನಿಮಿಷದಲ್ಲಿ ಇಡೀ ಜನಸಾಗರವನ್ನು ಕೈಬೆರಳಲ್ಲಿ ಆಡಿಸಿಬಿಟ್ಟ. 1991ರ ನವೆಂಬರ್ 24ರಂದು, 45ನೇ ವಯಸ್ಸಿಗೇ, ತೀರಿಕೊಂಡ. ಆತನ ಕಥೆ 2018ರಲ್ಲಿ ತೆರೆಗೆ ಬಂತು. ಆ ಪಾತ್ರ ಮಾಡಿದ ರಾಮಿ ಮಾಲೆಕ್‌ಗೆ ಆಸ್ಕರ್ ಕೂಡ ಬಂತು.

ಈಗ ದಕ್ಷಿಣಕ್ಕೆ ತಿರುಗಿ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಕೊನೆಗೆ ಬೆಂಗಳೂರು. ಅಲ್ಲಿ 1960ರ ದಶಕದಲ್ಲಿ 'ಟ್ರೋಜನ್ಸ್' ಎಂಬ ತಂಡದಲ್ಲಿ ಗಿಟಾರ್ ಹಿಡಿದಿದ್ದವನು ಕೊಡವರ ಹುಡುಗ ಬಿದ್ದು ಅಪ್ಪಯ್ಯ. ಹೆಸರಿಗೆ ಮಾತ್ರ ಬಿದ್ದು, ಆದರೆ ಎದ್ದ ರೀತಿ ನೋಡಬೇಕು! ಬರಿಗೈಲಿ ಲಂಡನ್ ಸೇರಿದ. 1974ರಲ್ಲಿ ಕಾರ್ಲ್ ಡಗ್ಲಸ್‌ನಿಂದ 'ಕುಂಗ್ ಫೂ ಫೈಟಿಂಗ್' ಹಾಡಿಸಿದ. ಧ್ವನಿಮುದ್ರಿಕೆಯ ಹಿಂಬದಿಗೆ ಏನಾದರೂ ಬೇಕಲ್ಲ ಎಂದು ಕೊನೆಯ ಗಳಿಗೆಯಲ್ಲಿ ಅವಸರದಿಂದ ಮುಗಿಸಿದ ಹಾಡು ಅದು. ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ನಂಬರ್ ಒನ್! ಖರ್ಚಾದ ಪ್ರತಿಗಳು ಒಂದು ಕೋಟಿಗೂ ಮಿಗಿಲು.

ಅಂದ ಹಾಗೆ, ಬೆಂಗಳೂರಿನಲ್ಲೇ ಹುಟ್ಟಿದ ಇನ್ನೊಬ್ಬ ಆಸಾಮಿ ಫಿರೋಜ್ ಖಾನ್. ತನ್ನ 'ಕುರ್ಬಾನಿ'ಗೆ ಆತ ಈ ಬಿದ್ದುವಿನಿಂದ ಒಂದು ಹಾಡು ಮಾಡಿಸಿದ. ಹಾಡಿದವಳು 15ರ ಹರೆಯದ ನಾಜಿಯಾ ಹಸನ್, ತೆರೆಯ ಮೇಲೆ ಜೀನತ್ ಅಮಾನ್. 1980ರಲ್ಲಿ ಆ ಡಿಸ್ಕೊ ಹಾಡಿಗೆ ಕುಣಿಯದ ಹುಡುಗ ಯಾರಿದ್ದ ಹೇಳಿ?

ಇದನ್ನೆಲ್ಲ ನಾನು ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಉತ್ಸಾಹದಿಂದ ಬಣ್ಣಿಸುತ್ತಿದ್ದೆ. ಪಕ್ಕದಲ್ಲಿ ಕೂತ ಹುಡುಗ ಒಂದು ಬ್ಯಾಂಜೋ ಪಾರ್ಟಿಯವನು. ಈ ಸೀಮೆಯಲ್ಲಿ ಮದುವೆಯ ವರಾತಿನ ಮುಂದೆ ಬ್ಯಾಂಜೋ ಬೇಕೇ ಬೇಕು. ಕೀಲಿ ಒತ್ತಿ ತಂತಿ ಮೀಟುವ ವಾದ್ಯ, ಅದಕ್ಕೊಂದು ಲೌಡ್‌ಸ್ಪೀಕರ್, ಜತೆಗೆ ಡ್ರಮ್ಮು. ಹುಡುಗ ಬಸಿಯಲ್ಲಿದ್ದ ಚಹಾ ಹೀರಿ ಕೇಳಿದ:

"ಖರೇ ಐತ್ರೀ ಸರ್. ಆದ್ರ ಅವ್ರೆಲ್ಲಾ ಊರು ಬಿಟ್ರು, ಇಂಗ್ಲಿಷ್‌ನ್ಯಾಗ ಹಾಡಿ ದೊಡ್ಡವ್ರಾದ್ರು. ಒಬ್ಬಂವ ಹೆಸರೂ ಬದಲಿ ಮಾಡ್ಕೊಂಡ. ನಾ ಇಲ್ಲೇ ಕುಂತು ನಮ್ಮ ಮಾತಿನ್ಯಾಗ ಹಾಡಿದ್ರ ಅದಕ್ಕ ರಾಕ್ ಅಂತಾರೇನ್ರೀ?"

ಅಂಗಡಿಯ ಕಾಕಾ ಒಳಗಿನಿಂದಲೇ ಕೂಗಿದರು: "ಲೇ ತಮ್ಮಾ, ಮಂದಿ ಕುಣದ್ರ ಸಾಕು, ಹೆಸರ ಯಾಂವ ಕೇಳ್ತಾನ!"

ಕಾಕಾ ಹೇಳಿದ್ದು ಸರಿಯೇ. ಆದರೂ ಹುಡುಗನ ಪ್ರಶ್ನೆ ಸಣ್ಣದಲ್ಲ ಮಿತ್ರರೇ. ಅದಕ್ಕೆ ಉತ್ತರ ನಮ್ಮ ಸಿನಿಮಾದಲ್ಲೇ ಇದೆ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಅಣ್ಣಾವ್ರೇ ಇಂಗ್ಲಿಷ್ ಹಾಡು ಹಾಡಿ ಶಿಳ್ಳೆ ಹೊಡೆಸಿದರು. ಆಮೇಲೆ 1981ರಲ್ಲಿ ಬಂತು 'ಗೀತಾ'. ಶಂಕರ್‌ನಾಗ್ ನಿರ್ದೇಶನ, ಶಂಕರ್‌ನಾಗ್ ನಾಯಕ, ಇಳಯರಾಜಾ ಸಂಗೀತ. ನಾಯಕನೇ ವೇದಿಕೆ ಏರಿ ಕುಣಿಸುವ ಗಾಯಕ. 'ಸಂತೋಷಕ್ಕೆ' ಎಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ ಎತ್ತಿದರೆ ಗಿಟಾರೂ ಇತ್ತು, ಡ್ರಮ್ಮೂ ಇತ್ತು, ಮಾತು ಮಾತ್ರ ಚಿ. ಉದಯಶಂಕರ್ ಬರೆದ ಕನ್ನಡ! ಇವತ್ತಿಗೂ ಆರ್ಕೆಸ್ಟ್ರಾದವರು ಅದನ್ನು ಎತ್ತಿಕೊಂಡರೆ ಹಿಂದಿನ ಸಾಲಿನವರು ಕುರ್ಚಿ ಬಿಟ್ಟು ಏಳುತ್ತಾರೆ.

ಆ ಶಂಕ್ರಣ್ಣನ ಕೊನೆಯ ಪಯಣವೂ ಇದೇ ಹೆದ್ದಾರಿಯಲ್ಲೇ ಎಂಬುದು ಎದೆ ಹಿಂಡುವ ಸಂಗತಿ. 1990ರ ಸೆಪ್ಟೆಂಬರ್ 30. 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆಂದು ಬೆಂಗಳೂರಿನಿಂದ ಲೋಕಾಪುರಕ್ಕೆ ಹೊರಟಿದ್ದ ಕಾರು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಆಗಿನ್ನೂ ಶಂಕ್ರಣ್ಣನಿಗೆ 35. ಲೋಕಾಪುರ ಎಲ್ಲಿ? ಕಣಗಲಾದಿಂದ ಗೋಕಾಕ, ಮೂಡಲಗಿ ಸೀಮೆ ದಾಟಿ ಪೂರ್ವಕ್ಕೆ ಹೋದರೆ ಸಿಗುತ್ತದೆ. 'ಜೋಕುಮಾರಸ್ವಾಮಿ' ನಾಟಕ ಬರೆದ ಚಂದ್ರಶೇಖರ ಕಂಬಾರರು ಹುಟ್ಟಿದ ಘೋಡಗೇರಿಯೋ, ಇದೇ ಹುಕ್ಕೇರಿ ತಾಲ್ಲೂಕಿನ ಊರು. ಗಿಟಾರಿನ ನಾಯಕ ನಮ್ಮ ಹೊಲಗದ್ದೆಯ ಕಥೆ ಹುಡುಕಿಕೊಂಡು ಈ ಕಡೆಗೇ ಬರುತ್ತಿದ್ದ. ಬಂದು ಮುಟ್ಟಲಿಲ್ಲ.

ಮುಂದೆ ದೊಡ್ಡ ದೊಡ್ಡ ತಂಡಗಳೇ ಬೆಂಗಳೂರಿಗೆ ಬಂದವು. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಅರಮನೆ ಮೈದಾನ ತುಂಬಿ ತುಳುಕಿತು. ಸಂತೋಷವೇ. ಆದರೆ ಬಂದು ಹೋದವರ ಲೆಕ್ಕ ಇಡುವುದಷ್ಟೇ ನಮ್ಮ ಕೆಲಸವೇ?

ಕಣಗಲಾಕ್ಕೆ ಹೋದರೆ ನೋಡುವಂಥ ಅರಮನೆ ಇಲ್ಲ, ಜಲಪಾತ ಇಲ್ಲ. ಅದು ಬೇಕಿದ್ದರೆ ಗೋಕಾಕಕ್ಕೆ ಹೋಗಿ, ಬರುವಾಗ ಕರದಂಟು ತನ್ನಿ. ಇಲ್ಲಿ ಇರುವುದು ರಸ್ತೆ, ಚಹಾ, ಸಂಜೆಯ ಹೊತ್ತಿಗೆ ತಾಲೀಮು ನಡೆಸುವ ಹುಡುಗರು. ಪಂಚಗಣಿಯ ಹಾಸ್ಟೆಲಿನಲ್ಲಿ ಇದ್ದದ್ದೂ ಇಂಥ ಐದು ಹುಡುಗರೇ ತಾನೆ? ಅವರ ಹತ್ತಿರ ಪಿಯಾನೋ ಇತ್ತು, ಇವರ ಹತ್ತಿರ ಬ್ಯಾಂಜೋ ಇದೆ. ಹೆಸರು ಬದಲಿಸಬೇಕಾಗಿಲ್ಲ ತಮ್ಮಾ, ಶ್ರುತಿ ಹಿಡಿ, ಜೋರಾಗಿ ಹಾಡು. ಏನಂತೀರಿ?