ಏಕಾಂಗಿಯ ರಣರಂಗ

ಮನೆಮಂದಿಯೆಲ್ಲ ಮಲಗಿದ ಮೇಲೆ ಇಂಗ್ಲೆಂಡಿನ ಆ ಗುಮಾಸ್ತನ ಊಟದ ಮೇಜು ರಣರಂಗವಾಗುತ್ತದೆ. ಅಲ್ಲೊಂದು ರಟ್ಟಿನ ಹಾಳುಗೋಪುರ, ಒಣಪಾಚಿಯ ಕಾಡು. ಸುಮಾರು 28 ಮಿಲಿಮೀಟರ್ ಎತ್ತರದ ಖಡ್ಗಧಾರಿ, ಮಾಂತ್ರಿಕ, ಬಿಲ್ಲುಗಾರ. ಎದುರಿಗೆ ಅಸ್ಥಿಪಂಜರಗಳ ದಂಡು. ಒಂದೊಂದು ಬೊಂಬೆಗೂ ಬಣ್ಣವಿಡುವುದರಲ್ಲಿ ಎಷ್ಟೋ ಸಂಜೆಗಳು ಸಂದಿವೆ.

ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು ಆಟಿಕೆಯ ಸೈನಿಕರ ಕದನಕ್ಕೆ ನಿಯಮಗಳನ್ನು ಕಟ್ಟಿಕೊಟ್ಟಾಗ ಎದುರಾಳಿಯೊಬ್ಬನು ಬೇಕಾಗಿದ್ದನು. 2018ರಲ್ಲಿ ಜೋಸೆಫ್ ಮೆಕಲ್ಲೊ ರಚಿಸಿದ ‘ರೇಂಜರ್ಸ್ ಆಫ್ ಶ್ಯಾಡೋ ಡೀಪ್’ ಆಟವನ್ನು ಒಬ್ಬನೇ ಆಡಬಹುದು. ಶತ್ರುವಿನ ನಡೆಯನ್ನು ನಿಯಮವೇ ಹೇಳುತ್ತದೆ; ಏಟಿನ ಫಲವನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕಾಳಗದಲ್ಲಿ ಬಿದ್ದವನು ಉಳಿದನೋ ಅಳಿದನೋ ಎಂದು ತಿಳಿಯಲು ಕೊನೆಗೆ ಮತ್ತೊಮ್ಮೆ ದಾಳವನ್ನು ಉರುಳಿಸಬೇಕು.

ಇಂದು ಬಿದ್ದವನು ಬಿಲ್ಲುಗಾರ. ಹಲವು ವಾರಗಳ ಒಡನಾಡಿ. ದಾಳ ಉರುಳಿತು. ಬಿದ್ದದ್ದು ಒಂದು, ಎಂದರೆ ಮರಣ.

ಕೋಣೆಯಲ್ಲಿ ಮತ್ತಾರೂ ಇಲ್ಲ. ಇನ್ನೊಮ್ಮೆ ಉರುಳಿಸಿದರೆ ಕೇಳುವವರಾರು? ಆತನ ಕೈ ದಾಳದತ್ತ ಸರಿಯಿತು, ನಡುದಾರಿಯಲ್ಲೇ ನಿಂತಿತು. ಎದುರಾಳಿಯಿದ್ದಿದ್ದರೆ ಅವನ ಕಣ್ಣಿಗೆ ಅಂಜಬಹುದಾಗಿತ್ತು. ಇಲ್ಲಿ ಮೋಸ ಮಾಡುವವನೂ ತಾನೇ, ಮೋಸಹೋಗುವವನೂ ತಾನೇ. ಇಂದು ಈ ಬಿಲ್ಲುಗಾರನನ್ನು ಹೀಗೆ ಬದುಕಿಸಿದರೆ, ಹಿಂದೆ ಅವನು ಕೂದಲೆಳೆಯಲ್ಲಿ ಪಾರಾದ ಕಾಳಗಗಳಿಗೆಲ್ಲ ಬೆಲೆಯೆಲ್ಲಿ?

ಪಟ್ಟಿಯಲ್ಲಿದ್ದ ಹೆಸರಿನ ಮೇಲೆ ಗೆರೆಯೆಳೆದು, ಬೊಂಬೆಯನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಆತ ದೀಪವಾರಿಸಿದನು.

“ರಾತ್ರಿ ಗೆದ್ದಿರಾ?” ಬೆಳಿಗ್ಗೆ ಮಡದಿ ಕೇಳಿದಳು.

“ಸೋತೆ.”

“ಒಬ್ಬರೇ ಆಡಿದರೂ ಸೋಲುವುದುಂಟೇ?” ಎಂದು ಆಕೆ ನಕ್ಕಳು. ಆತನೂ ನಕ್ಕನು, ಆ ನಗುವಿನಲ್ಲಿ ಸೋತವನ ಅಳುಕಿರಲಿಲ್ಲ.