ಯು ಇಲ್ಲದ ಕ್ಯೂ

ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಅದರ ಬೆನ್ನಿಗೇ ಯು ಬರಬೇಕು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಕ್ವೀನ್, ಕ್ವಿಕ್, ಕ್ವೆಶ್ಚನ್, ಎಲ್ಲವೂ ಹಾಗೇ. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡಲು ಕೂತವರಿಗೆ ಈ ಪಾಠ ಬಲು ದುಬಾರಿ. ಚೀಲದಲ್ಲಿರುವುದು ನೂರು ಬಿಲ್ಲೆ. ಅದರಲ್ಲಿ ಕ್ಯೂ ಒಂದೇ ಒಂದು, ಯು ನಾಲ್ಕು. ಆ ನಾಲ್ಕೂ ಆಗಲೇ ಬೋರ್ಡಿನ ಮೇಲೆ ಬಿದ್ದಿದ್ದರೆ ಹತ್ತು ಅಂಕದ ಕ್ಯೂ ಕೈಯಲ್ಲೇ ಉಳಿದುಬಿಡುತ್ತದೆ. ಎದುರಾಳಿ ಆಟ ಮುಗಿಸಿದರೆ ನಮ್ಮ ಲೆಕ್ಕದಿಂದ ಆ ಹತ್ತು ಅಂಕ ಕಳೆದೂ ಹೋಗುತ್ತದೆ. ಹಾಗಾಗಿ ಈ ಆಟಕ್ಕೆ ಮನಸೋತವರು ಬೇಗನೆ ಹುಡುಕಿಕೊಂಡು ಹೊರಡುವುದು ಯುವಿನ ಹಂಗಿಲ್ಲದ ಕ್ಯೂ ಪದಗಳನ್ನು. ನಾನೂ ಹೊರಟೆ. ಆ ಹುಡುಕಾಟ ನನಗೆ ಗೆಲುವಿಗಿಂತ ಹೆಚ್ಚು ರುಚಿಸಿತು.

ಎರಡಕ್ಷರದ್ದು ಬೇಕೇ? ಚೀನೀಯರು ಪ್ರಾಣಶಕ್ತಿಗೆ ಹೇಳುವ ಚೀ ಇದೆ; ಬರೆಯುವುದು ಕ್ಯೂ, ಐ. ಮೂರಕ್ಷರದ್ದು ಕಾತ್, ಯೆಮೆನ್‌ನಲ್ಲಿ ಜನ ಜಗಿಯುವ ಎಲೆ. ಐದಕ್ಷರಕ್ಕೆ ಬಂದರೆ ಫಕೀರ್, ತಲಾಕ್, ನಿಕಾಬ್ ಎಲ್ಲವೂ ಸಿಗುತ್ತವೆ. ನನ್ನ ಮೆಚ್ಚಿನದು ಕನಾತ್. ಇರಾನಿನವರು ಗುಡ್ಡದ ಬುಡದಿಂದ ಊರಿಗೆ ನೀರು ತರಲು ನೆಲದಡಿ ಕೊರೆದ ಕಾಲುವೆ ಅದು. ನಿಘಂಟಿನಲ್ಲಿ ಅದರ ಅರ್ಥ ಓದುತ್ತಿದ್ದಂತೆ ಇದನ್ನು ನಾನು ಬಲ್ಲೆನಲ್ಲ ಅನ್ನಿಸಿತು. ಬೀದರಿನ ನೌಬಾದಿನಲ್ಲಿರುವ ಕರೇಜ್ ಅದೇ ತಾನೆ! ಬಹಮನಿಗಳ ಕಾಲದ್ದು. ಮೇಲೆ ಸಾಲಾಗಿ ಬಾವಿಗಳು, ಗಾಳಿ ಬೆಳಕಿಗೆ, ಹೂಳು ಎತ್ತುವುದಕ್ಕೆ. ಅವುಗಳ ತಳದಲ್ಲಿ ಒಂದನ್ನೊಂದು ಸೇರಿಸುತ್ತ ಸಾಗುವ ನೀರಿನ ಹಾದಿ. ಅಲ್ಲಿಯವರು ಸುರಂಗ ಬಾವಿ ಅನ್ನುತ್ತಾರೆ. ಐದು ಬಿಲ್ಲೆಗಳ ನೆಪದಲ್ಲಿ ಇಂಗ್ಲಿಷ್ ನಿಘಂಟು ನನ್ನನ್ನು ಬೀದರಿಗೆ ತಂದು ಬಿಟ್ಟಿತು.

ಈ ಸಂತೋಷಕ್ಕೆ ನಾನು ಋಣಿಯಾಗಿರುವುದು ಈ ಆಟವನ್ನು ರೂಪಿಸಿದ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿಗೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ನ್ಯೂಯಾರ್ಕಿನಲ್ಲಿ ಕೂತಿದ್ದಾತ. ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟ ಹರವಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿದ. ಆ ಎಣಿಕೆಯ ಮೇಲೆಯೇ ಬಿಲ್ಲೆಗಳ ಹಂಚಿಕೆ ನಿಂತಿದೆ: ಇ ಹನ್ನೆರಡು, ಎ ಮತ್ತು ಐ ಒಂಬತ್ತೊಂಬತ್ತು, ಝಡ್ ಒಂದು. ಎಸ್ ವಿಷಯದಲ್ಲಿ ಮಾತ್ರ ಆತ ಕೈ ಬಿಗಿಹಿಡಿದ. ಯಾವ ಪದಕ್ಕಾದರೂ ಕೊನೆಗೆ ಎಸ್ ಅಂಟಿಸಿ ಬಹುವಚನ ಮಾಡಿಬಿಟ್ಟರೆ ಆಟ ಸಲೀಸಾಗಿಬಿಡುತ್ತದೆಂದು ನಾಲ್ಕೇ ಕೊಟ್ಟ. ಎಂಥ ಸೂಕ್ಷ್ಮ ನೋಡಿ! ತಯಾರಕರು ಯಾರೂ ಇದನ್ನು ಕೈಗೆತ್ತಿಕೊಳ್ಳಲಿಲ್ಲ. 1948ರಲ್ಲಿ ಜೇಮ್ಸ್ ಬ್ರೂನೋ ಎಂಬಾತ ಹಕ್ಕು ಪಡೆದು ಸ್ಕ್ರ್ಯಾಬಲ್ ಎಂದು ಹೆಸರಿಟ್ಟ. ಮರುವರ್ಷ 2,400 ಸೆಟ್ ಮಾಡಿ 450 ಡಾಲರ್ ಕಳೆದುಕೊಂಡ. ಆದರೂ ಕೈಬಿಡಲಿಲ್ಲ.

ಆಟದ ಅಸಲು ಸುಖ ಏಳರ ಲೆಕ್ಕದಲ್ಲಿದೆ. ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಂದೇ ಸಲಕ್ಕೆ ಹೂಡಿದರೆ ಐವತ್ತು ಅಂಕ ಹೆಚ್ಚುವರಿ. ಅದಕ್ಕಾಗಿ ಬಲ್ಲವರು ಕೆಲವು ಆರಕ್ಷರಗಳನ್ನು ಕೂಡಿಟ್ಟು ಕಾಯುತ್ತಾರೆ. ಕಣ್ಣಿನ ಒಳಪರದೆ ಇದೆಯಲ್ಲ, ರೆಟಿನಾ, ಅದರ ಆರು ಅಕ್ಷರಗಳು ಅಂಥವು. ಏಳನೆಯದಾಗಿ ಜಿ ಬಂದರೆ ಗ್ರಾನೈಟ್. ಅದೇ ಏಳನ್ನು ಆಚೀಚೆ ಸರಿಸಿ ನೋಡಿ, ಉಪಕಾರ ಮರೆತವನನ್ನು ಹೇಳುವ ಇನ್‌ಗ್ರೇಟ್. ಇನ್ನೊಮ್ಮೆ ಸರಿಸಿದರೆ ಬಟ್ಟೆ ಹರಿಯುವ ಟೇರಿಂಗ್. ಪಿ ಬಂದರೆ ಪೇಂಟರ್, ಎಂ ಬಂದರೆ ಮಿನರೆಟ್, ಕೆ ಬಂದರೆ ನಮ್ಮ ಉಗುರು ಕೂದಲುಗಳ ಕೆರಟಿನ್. ಕಲ್ಲು, ಕೃತಘ್ನ, ಬಣ್ಣ ಬಳಿಯುವವ, ಮಸೀದಿಯ ಗೋಪುರ, ಇವರೆಲ್ಲ ಆರಕ್ಷರದ ಒಂದೇ ಮನೆಯಲ್ಲಿ ಇಷ್ಟು ದಿನ ಅಕ್ಕಪಕ್ಕ ಇದ್ದರೇ ಎಂದು ನನಗೆ ಈಗಲೂ ಬೆರಗು.

ಏಳರಷ್ಟೇ ಎರಡೂ ದೊಡ್ಡದು. ನೂರಕ್ಕೂ ಹೆಚ್ಚು ಎರಡಕ್ಷರದ ಪದಗಳಿವೆ. ಇಕ್ಕಟ್ಟಿನ ಬೋರ್ಡಿನಲ್ಲಿ ದಾರಿ ಬಿಡಿಸುವುದು ಅವೇ. ಕಳೆದ ಬೇಸಿಗೆಯಲ್ಲಿ ಅಕ್ಕನ ಮಗಳು ನನ್ನೆದುರು ಕೂತಿದ್ದಳು. ನಾನು ಟ್ಯಾಕ್ಸಿ ಎಂದು ಹೂಡಿ ಹಾಯಾಗಿದ್ದೆ. ಅವಳು ಆ ಪದದ ಕೊನೆಯ ಐ ಮೇಲಿನ ಮನೆಯಲ್ಲಿ ಕ್ಯೂ ಇಟ್ಟು ಅದರ ಬಲಕ್ಕೆ ತನ್ನದೊಂದು ಐ ಇಟ್ಟಳು. ಕೆಳಕ್ಕೆ ಓದಿದರೂ ಚೀ, ಬಲಕ್ಕೆ ಓದಿದರೂ ಚೀ. ಕ್ಯೂ ಕೂತಿದ್ದು ಅಕ್ಷರದ ಅಂಕ ಮೂರು ಪಟ್ಟಾಗುವ ಮನೆಯಲ್ಲಿ. ಹತ್ತು ಮೂರಲ ಮೂವತ್ತು, ಐಗೆ ಒಂದು. ಅದು ಎರಡು ಸಲ.

"ಚಿಕ್ಕಮ್ಮಾ, ಅರವತ್ತೆರಡು ಬರ್ಕೊಳ್ಳಿ" ಅಂದಳು.

ಎರಡೇ ಬಿಲ್ಲೆಗೆ ಅರವತ್ತೆರಡು! ಆ ನಡೆಯನ್ನು ಮುರಿಯಲು ಮನಸ್ಸಾಗದೆ ಆಟ ಮುಗಿದ ಮೇಲೂ ಬೋರ್ಡನ್ನು ಸಂಜೆಯವರೆಗೆ ಹಾಗೇ ಇಟ್ಟಿದ್ದೆ.

ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. ಅವರಿಗೆ ಫ್ರೆಂಚ್ ಬಾರದು; ಪದಗಳ ಪಟ್ಟಿಯನ್ನು ಒಂಬತ್ತೇ ವಾರಗಳಲ್ಲಿ ಕಂಠಪಾಠ ಮಾಡಿದ್ದರು. ಅರ್ಥವನ್ನು ಬದಿಗಿಟ್ಟು ಪದದ ಅಳತೆ, ಆಕಾರ ಮಾತ್ರ ಕಾಣಬಲ್ಲ ಆ ಕಣ್ಣಿಗೆ ನನ್ನ ನಮಸ್ಕಾರ. ನನ್ನ ದಾರಿ ಬೇರೆ. ನನಗೆ ಆಕಾರ ಮೊದಲು ಒಲಿಯಬೇಕು, ಹಿಂದೆಯೇ ಅರ್ಥವೂ ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಎಂದರೆ ಕೆಂಪು ಶಾಯಿಯ ಭಾಷೆಯಾಗಿತ್ತು. ಅದನ್ನು ಬಿಲ್ಲೆ ಬಿಲ್ಲೆಯಾಗಿ ಕೈಗೆ ಕೊಟ್ಟು, ಹೇಗೆ ಬೇಕೋ ಹಾಗೆ ಜೋಡಿಸು ಅಂದಿದ್ದು ಈ ಆಟ. ಕೈಯಲ್ಲಿ ಹಿಡಿದ ಮೇಲೆ ಭಯ ಉಳಿಯಲಿಲ್ಲ.

ಕನ್ನಡದಲ್ಲಿ ಇದೇ ಆಟ ಆಡಬಹುದೇ ಎಂದು ಕೇಳುವವರುಂಟು. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಸ್ತ್ರೀ ಎಂಬುದು ಒಂದೇ ಮನೆಯಲ್ಲಿ ಕೂರುತ್ತದೆ. ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಬಿಲ್ಲೆ ಮಾಡಹೊರಟರೆ ನೂರಕ್ಕೆ ನಿಲ್ಲುವುದಿಲ್ಲ. ಅದಕ್ಕೊಪ್ಪುವ ನಿಯಮವನ್ನು ಬಟ್ಸ್‌ನಷ್ಟೇ ತಾಳ್ಮೆಯಿಂದ ಎಣಿಸಿ ಕಟ್ಟಬೇಕು. ಯಾರಾದರೂ ಕಟ್ಟಿಯಾರು ಎಂಬ ಆಸೆ ನನಗಿದೆ.

ಅಲ್ಲಿಯವರೆಗೆ, ಮನೆಯಲ್ಲಿ ಇಂಗ್ಲಿಷಿಗೆ ಅಂಜುವ ಮಕ್ಕಳಿದ್ದರೆ ಒಂದು ಸೆಟ್ ತಂದುಕೊಡಿ. ಪಕ್ಕದಲ್ಲೊಂದು ನಿಘಂಟು ಇರಲಿ. ಪದ ಹೂಡಿದವರು ಅದರ ಅರ್ಥವನ್ನೂ ಹುಡುಕಿ ಓದಬೇಕು ಎಂಬ ಒಂದು ನಿಯಮ ನಮ್ಮ ಮನೆಯಲ್ಲಿದೆ, ನೀವೂ ಇಟ್ಟುಕೊಳ್ಳಿ. ಸ್ಪೆಲಿಂಗ್ ಗೊತ್ತಿಲ್ಲವೆಂದು ಮಗು ಹಿಂಜರಿದರೆ ಅಡುಗೆಮನೆಯಿಂದಲೇ ಶುರು ಮಾಡಿಸಿ. ಇಡ್ಲಿ, ದೋಸೆ, ರಾಗಿ ಮೂರೂ ಕಾಲಿನ್ಸ್ ಸ್ಕ್ರ್ಯಾಬಲ್ ಪಟ್ಟಿಯಲ್ಲಿವೆ, ಮೂರಕ್ಕೂ ನಾಲ್ಕು ನಾಲ್ಕೇ ಬಿಲ್ಲೆ ಸಾಕು.