ಪಕ್ಷದಲ್ಲಿ ನಿಂತವನು

ಸಂಸ್ಕೃತದಲ್ಲಿ ‘ಪಕ್ಷ’ವೆಂದರೆ ರೆಕ್ಕೆಯೂ ಹೌದು, ಪಾರ್ಶ್ವವೂ ಹೌದು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಸೇನಾವ್ಯೂಹವನ್ನು ವಿವರಿಸುವಾಗ ನಡುಭಾಗವನ್ನು ಉರಸ್ಯವೆಂದೂ ಇಕ್ಕೆಲಗಳನ್ನು ಪಕ್ಷಗಳೆಂದೂ ಕರೆದಿರುವನು. ಕೆನಡಾ ದೇಶದವರಿಗೆ ಪ್ರಾಣಪ್ರಿಯವಾದ ಐಸ್ ಹಾಕಿಯಲ್ಲಿಯೂ ಇಂತಹುದೇ ವ್ಯವಸ್ಥೆಯುಂಟು. ಗೋಲಿನ ಕಾವಲಿಗನೊಬ್ಬ, ರಕ್ಷಕರಿಬ್ಬರು, ನಡುವೆ ಸೆಂಟರ್, ಅವನ ಎಡಬಲಗಳಲ್ಲಿ ವಿಂಗರರಿಬ್ಬರು. ಹೀಗೆ ಏಕಕಾಲಕ್ಕೆ ಆರು ಮಂದಿ ಕಣದಲ್ಲಿರುವರು. ಕಣವು 200 ಅಡಿ ಉದ್ದ, 85 ಅಡಿ ಅಗಲವಾದ ಮಂಜುಗಡ್ಡೆಯ ಹಾಸು. ಸುತ್ತಲೂ ಮೂರೂವರೆ ಅಡಿ ಎತ್ತರದ ಹಲಗೆಗೋಡೆ.

ವಿಂಗರನೆಂದರೆ ಗಾಳಿಯಂತೆ ನುಗ್ಗಿ ಗೋಲು ಹೊಡೆಯುವವನೆಂದೇ ನೋಟಕರ ಭಾವನೆ. ಅದು ಸುಳ್ಳಲ್ಲ. ರಷ್ಯದ ಎಡ ವಿಂಗರ್ ಅಲೆಕ್ಸಾಂಡರ್ ಒವೆಚ್ಕಿನ್ 2025ರ ಏಪ್ರಿಲ್ 6ರಂದು ತಮ್ಮ 895ನೆಯ ಗೋಲನ್ನು ಹೊಡೆದು, ವೇಯ್ನ್ ಗ್ರೆಟ್ಸ್ಕಿಯವರ 894ರ ದಾಖಲೆಯನ್ನು ಮೀರಿದರು. ಆದರೆ ಆಟವು ತನ್ನ ಗೋಲಿನ ಕಡೆಗೆ ತಿರುಗಿದಾಗ ವಿಂಗರನ ಪಾಡು ಬೇರೆ. ನೀಲಿಗೆರೆಯ ಬಳಿ ನಿಂತ ಎದುರಾಳಿಯ ಹೊಡೆತಕ್ಕೆ ಅವನು ಮೈಯೊಡ್ಡಬೇಕು. ತನ್ನ ರಕ್ಷಕನು ಹಲಗೆಯ ಗುಂಟ ಕಳುಹಿಸಿದ ಪಕ್ ಎಂಬ ರಬ್ಬರಿನ ಬಿಲ್ಲೆಯನ್ನು, ಎದುರಾಳಿಯು ಮೇಲೆ ಬೀಳುತ್ತಿದ್ದರೂ, ತಡೆದು ಹಿಡಿದು ಗೆರೆಯಾಚೆ ದಾಟಿಸಬೇಕು. ದಾಟಿಸಿದರೆ ಚಪ್ಪಾಳೆಯಿಲ್ಲ, ತಪ್ಪಿದರೆ ಮರುಕ್ಷಣವೇ ಗೋಲಿಗೆ ಅಪಾಯ.

ಒಂಟಾರಿಯೋ ಪ್ರಾಂತದಲ್ಲಿರುವ ಮಗನ ಮನೆಯಲ್ಲಿ ನಾನು ಒಂದು ಚಳಿಗಾಲವನ್ನು ಕಳೆದೆನು. ಹದಿನಾಲ್ಕು ವಯಸ್ಸಿನ ಮೊಮ್ಮಗನನ್ನು ಆಗತಾನೆ ನಡುವಿನ ಸ್ಥಾನದಿಂದ ಎಡಪಕ್ಕಕ್ಕೆ ಬದಲಾಯಿಸಿದ್ದರು. “ಅಜ್ಜಾ, ನನ್ನನ್ನು ಮೂಲೆಗೆ ಹಾಕಿಬಿಟ್ಟರು, ಇನ್ನು ನಾನು ಆಡುವುದಿಲ್ಲ” ಎಂದು ಹುಡುಗನು ಊಟವನ್ನೂ ಬಿಟ್ಟು ಕುಳಿತನು. ಹಟದ ಮಾತಾಗಿರಲಿಲ್ಲ, ತಾನು ಬೇಡವಾದೆನೆಂಬ ನೋವಿನ ಮಾತಾಗಿತ್ತು.

ನಾನು ಅವನಿಗೆ ಬಾಬ್ ಗೇನಿಯವರ ವಿಷಯವನ್ನು ಹೇಳಿದೆನು. ಮಾಂಟ್ರಿಯಲ್ ಕನೇಡಿಯನ್ಸ್ ತಂಡದ ಈ ಎಡ ವಿಂಗರ್ 1973ರಿಂದ 1989ರವರೆಗೆ 1160 ಪಂದ್ಯಗಳನ್ನಾಡಿ ಹೊಡೆದುದು 239 ಗೋಲುಗಳನ್ನು ಮಾತ್ರ. ಎದುರಾಳಿಗಳನ್ನು ತಡೆಯುವುದೇ ಅವರ ವಿದ್ಯೆ. ರಕ್ಷಣಾಕಾರ್ಯದಲ್ಲಿ ಶ್ರೇಷ್ಠನಾದ ಮುನ್ಪಡೆಯ ಆಟಗಾರನಿಗಾಗಿ ಸೆಲ್ಕಿ ಪಾರಿತೋಷಕವು 1978ರಲ್ಲಿ ಆರಂಭವಾದಾಗ, ಮೊದಲ ನಾಲ್ಕು ವರ್ಷಗಳೂ ಅದು ಗೇನಿಯವರಿಗೇ ಸಂದಿತು. ಅವರ ಕಾಲದಲ್ಲಿ ತಂಡವು ಐದು ಸಲ ಸ್ಟಾನ್ಲಿ ಕಪ್ಪನ್ನು ಗೆದ್ದಿತು.

ಹುಡುಗನು ಉತ್ತರ ಕೊಡಲಿಲ್ಲ. ಆದರೆ ಆ ಶನಿವಾರ ಆಡಲು ಹೋದನು. ಕೊನೆಯ ನಿಮಿಷದಲ್ಲಿ ಅವನ ತಂಡವು ಒಂದೇ ಗೋಲಿನಿಂದ ಮುಂದಿತ್ತು. ಪಕ್ ಅವನ ಬಳಿಗೆ ಬಂದಿತು. ಇಬ್ಬರು ಅವನನ್ನು ಹಲಗೆಗೆ ಒತ್ತರಿಸಿದರು. ಆದರೂ ಕೋಲಿನ ತುದಿಯಿಂದ ಅದನ್ನು ಗೆರೆಯಾಚೆ ತಳ್ಳಿದನು. ಆಟದ ಲೆಕ್ಕಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಬೆಂಚಿಗೆ ಮರಳಿದಾಗ ಜೊತೆಯವರು ಒಬ್ಬೊಬ್ಬರಾಗಿ ಅವನ ಶಿರಸ್ತ್ರಾಣವನ್ನು ತಟ್ಟಿದರು.

ಗೋಲು ಹೊಡೆದವನಿಗೆ ಎಣಿಕೆಯೇ ಸಾಕ್ಷಿ. ಗೋಲನ್ನು ತಪ್ಪಿಸಿದವನಿಗೆ ಬಲ್ಲವರ ಕಣ್ಣೊಂದೇ ಸಾಕ್ಷಿ. ಮನೆಯಲ್ಲಾಗಲಿ ಊರಿನಲ್ಲಾಗಲಿ ಪಕ್ಷದಲ್ಲಿ ನಿಂತು ಕೆಲಸ ಮಾಡುವವರು ನಮ್ಮಿಂದ ಬಯಸುವುದು ಆ ಕಣ್ಣನ್ನು. ಅದನ್ನು ಕೊಡಲು ನಮಗೆ ಖರ್ಚೇನೂ ಇಲ್ಲ.